ಅಂಟುವಾಳದ ನೀರು

ದೇರೆಬೈಲಿನ ವಿಲ್ಲಿ ಲೋಬೊರ ಮನೆಯಲ್ಲಿ ಆ ವರ್ಷದ ಮಳೆಗಾಲ ಬಟ್ಟೆ ಸೋಪಿನ ಜಗಳದೊಂದಿಗೆ ಶುರುವಾಯಿತು. ಜಗಳಕ್ಕೆ ಇದಕ್ಕಿಂತ ದೊಡ್ಡ ವಿಷಯಗಳು ಆ ಮನೆಯಲ್ಲಿ ಇರಲಿಲ್ಲವೆಂದಲ್ಲ. ಆದರೆ ಮನೆಜಗಳ ಎನ್ನುವುದು ಎದುರು ಬಾಗಿಲಿನಿಂದ ಬರುವುದು ಕಡಿಮೆ. ಬಚ್ಚಲಿನ ಕಡೆಯಿಂದ, ಹಿತ್ತಿಲ ಕಡೆಯಿಂದ ನುಸುಳಿಯೇ ಅದಕ್ಕೆ ರೂಢಿ.

ಶುರು ಮಾಡಿದವಳು ಸೊಸೆ ವಿನಿತಾ. ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ಅವಳು ನರ್ಸ್. ಮಗಳು ಅನ್ವಿಟಾಳಿಗೆ ಆರು ವರ್ಷ. ಮೊಣಕೈಯ ಮಡಿಕೆಯಲ್ಲಿ, ಮಂಡಿಯ ಹಿಂದೆ ಸದಾ ತುರಿಕೆ. ಮಗು ನಿದ್ದೆಯಲ್ಲೇ ಕೆರೆದುಕೊಂಡು ಬೆಳಿಗ್ಗೆ ಹಾಸಿಗೆಯಲ್ಲಿ ರಕ್ತದ ಚುಕ್ಕೆಗಳಿರುತ್ತಿದ್ದವು. ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು, ಬಟ್ಟೆ ಒಗೆಯುವ ಸೋಪನ್ನೂ ಒಮ್ಮೆ ಬದಲಿಸಿ ನೋಡಿ ಅಂದಿದ್ದರು. ವಿನಿತಾಳಿಗೆ ಅಷ್ಟು ಸಾಕಾಯಿತು. ಮನೆಯ ಕಸ ಕಡಿಮೆ ಮಾಡಬೇಕೆಂಬ ಹಟ ಅವಳಿಗೆ ಮೊದಲಿನಿಂದಲೂ ಇತ್ತು. ಒಂದು ಮಳೆಗಾಲದಲ್ಲಿ ಊರಂಚಿನ ಕಸದ ಗುಡ್ಡೆ ಜಾರಿ ಅವಳ ಚಿಕ್ಕಮ್ಮನ ಬಾವಿಯ ಬುಡಕ್ಕೇ ಬಂದು ನಿಂತದ್ದನ್ನು ಕಣ್ಣಾರೆ ನೋಡಿದವಳು ಅವಳು. ಆ ರಾಶಿಯ ಮೇಲೆ ತಮ್ಮ ಮನೆಗೆ ತರುವಂಥದೇ ಸೋಪಿನ ಪುಡಿಯ ಪ್ಯಾಕೆಟ್ಟುಗಳು ಹೊಳೆಯುತ್ತಿದ್ದವು. ಅಂದಿನಿಂದ ಪ್ಯಾಕೆಟ್ಟು ಕಂಡರೆ ಅವಳಿಗೆ ಆಗದು.

ಮೊದಲು ಕಾಗದದ ಪೆಟ್ಟಿಗೆಯಲ್ಲಿ ಬರುವ ಸೋಪಿನ ಹಾಳೆಗಳನ್ನು ಆನ್‌ಲೈನಿನಲ್ಲಿ ತರಿಸಿದಳು. ಮಾವ ವಿಲ್ಲಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಇದರಲ್ಲಿ ಬಟ್ಟೆ ಒಗೆಯುವುದಾ, ಯಾರಿಗಾದರೂ ಬರೆದು ಪೋಸ್ಟ್ ಮಾಡುವುದಾ ಎಂದು ಕೇಳಿದರು. ಆ ಹಾಳೆ ಬಾವಿಯ ತಣ್ಣೀರಿನಲ್ಲಿ ಕರಗದೆ ಗಂಡ ಡೆರಿಲ್‌ನ ಪ್ಯಾಂಟಿಗೆ ಅಂಟಿಕೊಂಡಿತು. ಆಮೇಲೆ ಬೆಂದೂರಿನ ಒಂದು ಅಂಗಡಿಯಿಂದ, ಮನೆಯ ಬಾಟಲಿ ಕೊಂಡೊಯ್ದು ತುಂಬಿಸಿಕೊಳ್ಳುವ ದ್ರವ ಬಂತು. ಬಟ್ಟೆ ಚೆನ್ನಾಗಿಯೇ ಆಗುತ್ತಿತ್ತು, ಆದರೆ ಅದರ ಲಿಂಬೆ ಸುವಾಸನೆಗೇ ಮಗುವಿನ ಮೈ ಕೆಂಪಾಯಿತು. ಕೊನೆಗೆ ಉಳಿದದ್ದು ಅಂಟುವಾಳದ ಕಾಯಿ. ಬಟ್ಟೆಚೀಲದಲ್ಲಿ ಕಟ್ಟಿ ತಂದರೆ ಕಸ ಇಲ್ಲ, ಕುದಿಸಿದ ಸಿಪ್ಪೆಯನ್ನು ಬಸಳೆಯ ಬುಡಕ್ಕೆ ಹಾಕಿದರೆ ಅದೂ ಕಸವಲ್ಲ. ಹದಿನೈದು ದಿನ ಕಳೆಯುವಷ್ಟರಲ್ಲಿ ಅನ್ವಿಟಾಳ ಮೊಣಕೈಯ ಗಾಯ ಒಣಗಿತು. ಮಗು ಬೆಳಗಿನವರೆಗೆ ಕೆರೆಯದೆ ಮಲಗಿದ ಮೊದಲ ದಿನ ವಿನಿತಾ ಗಂಡನನ್ನು ಎಬ್ಬಿಸಿ ಹಾಸಿಗೆ ತೋರಿಸಿದಳು. ಅವಳಿಗೆ ಅಳುವೇ ಬಂದಿತ್ತು.

ಆದರೆ ಆ ಮನೆಯಲ್ಲಿ ಒಗೆಯಲಿಕ್ಕೆ ಮನೆಯ ಬಟ್ಟೆ ಮಾತ್ರ ಇರಲಿಲ್ಲ. ಅತ್ತೆ ಹಿಲ್ಡಾ ತಾವು ಮದುವೆಯಾಗಿ ಬಂದಂದಿನಿಂದ ಇಗರ್ಜಿಯ ಬಟ್ಟೆ ಒಗೆಯುತ್ತಿದ್ದರು. ಬಲಿಪೀಠಕ್ಕೆ ಹಾಸುವ ಬಿಳಿ ಬಟ್ಟೆ, ಪೂಜೆಯ ಬಟ್ಟಲು ಒರೆಸುವ ಸಣ್ಣ ಚೌಕಗಳು, ಗುರುಗಳ ಕೈ ಟವೆಲು, ಇವೆಲ್ಲ ಪ್ರತಿ ವಾರ ಒಂದು ಬಿಳಿ ಚೀಲದಲ್ಲಿ ಮನೆಗೆ ಬರುತ್ತಿದ್ದವು. ಚೌಕಗಳನ್ನು ಅವರು ಬೇರೆಯೇ ಬಕೆಟ್ಟಿನಲ್ಲಿ ನೆನೆಸುವರು. ಪವಿತ್ರ ರೊಟ್ಟಿಯ ಕಣ ಉಳಿದಿರಬಹುದೆಂದು ಮೊದಲ ನೀರನ್ನು ಚರಂಡಿಗೆ ಬಿಡದೆ ಯಾರೂ ತುಳಿಯದ ಮಣ್ಣಿಗೆ ಹೊಯ್ಯುವರು. ಆಮೇಲೆ ಪುಡಿ, ನೀಲಿ, ತಿಳಿಗಂಜಿ, ಇಸ್ತ್ರಿ. ಹೆಚ್ಚು ಓದಿದವರಲ್ಲ, ಹಾಡುವ ಕಂಠ ಇಲ್ಲ, ಸಂಘದಲ್ಲಿ ಎದ್ದು ನಿಂತು ಮಾತಾಡಿದವರಲ್ಲ. ಇಗರ್ಜಿಯಲ್ಲಿ ಅವರಿಗೆ ಇದ್ದ ಜಾಗ ಆ ಬಿಳುಪಿನದ್ದು. ಹೊಸ ಪಾದ್ರಿಗಳು ಬಂದಾಗಲೆಲ್ಲ ಮೊದಲ ವಾರದಲ್ಲೇ, ಬಟ್ಟೆ ಯಾರು ಒಗೆಯುವುದು ಎಂದು ಕೇಳುತ್ತಿದ್ದರು, ಮತ್ತು ಹಿಲ್ಡಾ ಅದನ್ನು ಮನೆಯಲ್ಲಿ ಒಂದು ವಾರ ಹೇಳಿಕೊಂಡು ಇರುತ್ತಿದ್ದರು.

ಆದ್ದರಿಂದ ಇಗರ್ಜಿಯ ಬಟ್ಟೆಗೆ ಪುಡಿ, ನೀಲಿ ಇರಲಿ, ಮನೆಯದ್ದಕ್ಕೆ ಅಂಟುವಾಳ ಎಂದು ಒಪ್ಪಂದವಾಯಿತು. ಜೂನ್ ಪೂರ್ತಿ ಅದು ನಡೆಯಿತು. ಜುಲೈಯಲ್ಲಿ ಬಿಸಿಲು ಎಂಬುದನ್ನು ಊರೇ ಮರೆತ ಮೇಲೆ ಮನೆಯ ಬಟ್ಟೆಗಳಿಗೆಲ್ಲ ಒಂದು ಬಗೆಯ ಮುಗ್ಗಲು ಹಿಡಿಯಿತು. ಹಿಂದಿನ ಜಗಲಿಯ ಹಗ್ಗದಲ್ಲಿ ಮೂರು ದಿನ ತೂಗಿದರೂ ಅಂಗಿಗಳು ಒಣಗುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ವಿಲ್ಲಿಯವರು ಬಂಗುಡೆಯ ಮುಳ್ಳು ಬಿಡಿಸುತ್ತ ತಮ್ಮ ಬನಿಯನನ್ನೊಮ್ಮೆ ಮೂಸಿದರು.

"ಹಿಲ್ಡಾ, ಇದು ಗೋಣಿಚೀಲದ ಹಾಗೆ ನಾರ್ತದೆ. ಮಡಚಿ ಇಡುವಾಗ ನಿನಗೆ ಗೊತ್ತಾಗುದಿಲ್ವಾ? ನಿನ್ನ ಮೂಗಿಗೆ ಎಂತ ಆಗಿದೆ?"

ಹಿಲ್ಡಾರ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ವಿನಿತಾ ಥಟ್ಟನೆ ನಡುವೆ ಬಂದು, ಮಡಚಿದ್ದು ತಾನು, ಅತ್ತೆಯಲ್ಲ ಎಂದಳು. ಅದು ಸುಳ್ಳು. ಆದರೆ ಹೇಳಲೇಬೇಕಾದ ಸುಳ್ಳು.

ವಿಷಯ ಏನೆಂದರೆ, ಹಿಲ್ಡಾರಿಗೆ ವಾಸನೆ ತಿಳಿಯುತ್ತಿರಲಿಲ್ಲ. ಕೊರೊನಾ ಬಂದಾಗ ಹೋದದ್ದು ಜ್ವರ ಬಿಟ್ಟ ಮೇಲೂ ತಿರುಗಿ ಬಂದಿರಲಿಲ್ಲ. ಒಂದು ದಿನ ಅವರು ಒಲೆಯ ಎದುರಲ್ಲೇ ನಿಂತಿದ್ದಾಗ ಹಾಲು ತಳ ಹಿಡಿದು ಮನೆಯಿಡೀ ಸೀದ ವಾಸನೆ ಹರಡಿಯೂ ಅವರು ಅಲುಗದಿದ್ದುದನ್ನು ನೋಡಿ ವಿನಿತಾಳಿಗೆ ಗೊತ್ತಾಯಿತು. ಹಿಲ್ಡಾ ಅವಳ ಕೈ ಹಿಡಿದುಕೊಂಡು, ಇವರಿಗೆ ಹೇಳಬೇಡ, ಅಡುಗೆ ಕೋಣೆಗೆ ಬಿಡುವುದಿಲ್ಲ, ಇಗರ್ಜಿಯ ಕೆಲಸವನ್ನೂ ಬಿಡಿಸುತ್ತಾರೆ ಎಂದು ಬೇಡಿಕೊಂಡಿದ್ದರು. ಅಂದಿನಿಂದ ಸೊಸೆಯ ಮೂಗೇ ಅತ್ತೆಯ ಮೂಗು. ಮೀನು ತಂದರೆ ಹಿಲ್ಡಾ ತಟ್ಟೆಯನ್ನು ಸುಮ್ಮನೆ ವಿನಿತಾಳ ಎದುರು ಹಿಡಿಯುವರು, ವಿನಿತಾ ಕಣ್ಣಲ್ಲೇ ಹೂಂ ಅಥವಾ ಉಹೂಂ ಅನ್ನುವಳು. ನಿನ್ನೆಯ ಸಾರು, ತೆಂಗಿನೆಣ್ಣೆ, ಇಸ್ತ್ರಿಯಾದ ಚೌಕ, ಎಲ್ಲದಕ್ಕೂ ಇದೇ ಕ್ರಮ. ಅತ್ತೆ ಸೊಸೆಯರಿಗೆ ಬೇರೆ ನೂರು ವಿಷಯದಲ್ಲಿ ಹೊಂದಾಣಿಕೆ ಇರಲಿಲ್ಲ, ಇದೊಂದರಲ್ಲಿ ಮಾತ್ರ ಎಂದೂ ತಪ್ಪಿರಲಿಲ್ಲ.

ಜುಲೈ ಮುಗಿಯುವಾಗ ಅನ್ವಿಟಾಳ ಕತ್ತಿನ ಸುತ್ತ ಮತ್ತೆ ಕೆಂಪು ಎದ್ದಿತು. ಹುಡುಕಿದಾಗ ಕಾರಣ ಸಿಕ್ಕಿತು. ಶಾಲೆಯ ಅಂಗಿಯ ಕಾಲರಿನ ಕಲೆ ಹೋಗಲಿಲ್ಲವೆಂದು ಹಿಲ್ಡಾ ಅದನ್ನು ಇಗರ್ಜಿಯ ಪುಡಿಯ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದಿದ್ದರು. ವಿನಿತಾ ಆ ಸಂಜೆ ಬಾಯಿಗೆ ಬಂದಂತೆ ಮಾತಾಡಿದಳು. ಈ ಮನೆಯಲ್ಲಿ ಮಗುವಿನ ಚರ್ಮಕ್ಕಿಂತ ಕಾಲರು ದೊಡ್ಡದಾ ಎಂದಳು. ಹಿಲ್ಡಾರೂ ಬಿಡಲಿಲ್ಲ. ತಾನು ಮೂರು ಮಕ್ಕಳನ್ನು ಇದೇ ಪುಡಿಯಲ್ಲಿ ಸಾಕಿದ್ದು, ಯಾರ ಚರ್ಮವೂ ಉದುರಲಿಲ್ಲ ಎಂದರು. ಡೆರಿಲ್ ಟಿವಿಯ ಶಬ್ದ ಜಾಸ್ತಿ ಮಾಡಿದ.

ಆದರೆ ಮರುದಿನ ಬೆಳಿಗ್ಗೆ, ಮಗುವಿನ ತಲೆ ಬಾಚುತ್ತ ಆ ಕತ್ತನ್ನು ಹತ್ತಿರದಿಂದ ನೋಡಿದ ಹಿಲ್ಡಾ ಹಿತ್ತಿಲಿಗೆ ಹೋಗಿ ಪುಡಿಯ ಡಬ್ಬಿ, ನೀಲಿಯ ಬಾಟಲಿ ಎರಡನ್ನೂ ತಂದು ಪಕ್ಕದ ಮನೆಯ ಶರ್ಲಿಗೆ ಕೊಟ್ಟುಬಿಟ್ಟರು.

"ಇನ್ನು ಎಲ್ಲದಕ್ಕೂ ನಿನ್ನ ಕಾಯಿಯೇ," ಎಂದರು ವಿನಿತಾಳಿಗೆ. "ಇಗರ್ಜಿಯದ್ದಕ್ಕೂ. ಸ್ವಲ್ಪ ಹಳದಿ ಆದ್ರೆ ಆಗ್ಲಿ. ಬೇಬಿ ಕೆರೆಯುದು ನನಗೆ ನೋಡ್ಲಿಕ್ಕೆ ಆಗುದಿಲ್ಲ."

ಅದೇ ಸಮಯಕ್ಕೆ ಇನ್ನೊಂದು ಎಡವಟ್ಟಾಯಿತು. ಅಂಟುವಾಳದ ಕಷಾಯವನ್ನು ಹೊರಗಿಟ್ಟರೆ ಎರಡು ದಿನಕ್ಕೆ ಹುಳಿಯುತ್ತದೆ ಎಂದು ವಿನಿತಾ ಅದನ್ನು ಫ್ರಿಜ್ಜಿನಲ್ಲಿ ಸ್ಟೀಲಿನ ಚೊಂಬಿನಲ್ಲಿ ಇಡುತ್ತಿದ್ದಳು. ಒಂದು ಮಧ್ಯಾಹ್ನ ವಿಲ್ಲಿಯವರು ಅದನ್ನು ಪುನರ್ಪುಳಿ ಶರಬತ್ತು ಎಂದುಕೊಂಡು ಅರ್ಧ ಲೋಟ ಕುಡಿದುಬಿಟ್ಟರು. ಸಂಜೆಯವರೆಗೆ ವಾಂತಿ. ತಾನು ಪಣಂಬೂರಿನ ವರ್ಕ್‌ಶಾಪಿನಲ್ಲಿ ಇಷ್ಟು ವರ್ಷ ಗ್ರೀಸು ಮೆತ್ತಿಕೊಂಡು ದುಡಿದರೂ ಸಾಯಲಿಲ್ಲ, ಈಗ ಸೊಸೆಯ ಸೋಪು ಕುಡಿದು ಸಾಯಬೇಕಾ ಎಂದು ಬೀದಿಗೆ ಕೇಳುವಂತೆ ಕೂಗಾಡಿದರು. ಅಂದಿನಿಂದ ಚೊಂಬು ಫ್ರಿಜ್ಜಿನಿಂದ ಹೊರಬಿತ್ತು. ಹಿಂದಿನ ಜಗಲಿಯ ಮೂಲೆಯಲ್ಲಿ ಮುಚ್ಚಳದ ಬಕೆಟ್ಟು ಬಂತು. ಎರಡು ದಿನಕ್ಕೊಮ್ಮೆ ಹೊಸದಾಗಿ ಕುದಿಸುತ್ತೇನೆ ಎಂದು ವಿನಿತಾ ಮಾತು ಕೊಟ್ಟಳು, ಆಗಸ್ಟಿನಲ್ಲಿ ಹೆಚ್ಚುಕಡಿಮೆ ಹಾಗೆಯೇ ನಡೆಸಿದಳು.

ಸೆಪ್ಟೆಂಬರ್ ಬಂತು. ಎಂಟಕ್ಕೆ ಮೊಂತಿ ಹಬ್ಬ, ಯೇಸುವಿನ ತಾಯಿಯ ಹುಟ್ಟುಹಬ್ಬವೂ ಹೌದು, ಹೊಸ ತೆನೆಯ ಹಬ್ಬವೂ ಹೌದು. ಅದಕ್ಕೆ ಮೊದಲ ಒಂಬತ್ತು ದಿನ ಮಕ್ಕಳೆಲ್ಲ ಹೂ ಕೊಯ್ದು ಮಾತೆಯ ಪ್ರತಿಮೆಗೆ ಎರಚಲು ಹೋಗುತ್ತಾರೆ. ಅನ್ವಿಟಾಳೂ ಪುಟ್ಟ ಬುಟ್ಟಿ ಹಿಡಿದು ಹೋದಳು, ಅರ್ಧ ತೋಳಿನ ಫ್ರಾಕಿನಲ್ಲಿ. ಹಿಂದಿನ ವರ್ಷ ಕೈ ಕಾಣಬಾರದೆಂದು ಅವಳಿಗೆ ಸೆಕೆಯಲ್ಲೂ ಪೂರ್ತಿ ತೋಳು ಹಾಕಿಸಿದ್ದರು. ಇತ್ತ ಆಸ್ಪತ್ರೆಯಲ್ಲಿ ಅರ್ಧ ಜನ ಹಬ್ಬದ ರಜೆ ಬರೆದುಕೊಟ್ಟಿದ್ದರಿಂದ ವಿನಿತಾಳಿಗೆ ಡಬಲ್ ಡ್ಯೂಟಿ ಬಿತ್ತು. ಬಕೆಟ್ಟಿನ ನೀರು ಕುದಿಸುವುದು ಅವಳಿಗೆ ನೆನಪಾಗುತ್ತಿದ್ದದ್ದು ಬಸ್ಸು ಕಂಕನಾಡಿ ತಲುಪಿದ ಮೇಲೆ.

ಆರನೇ ತಾರೀಖು ಡೆರಿಲ್ ಕೆಲಸದಿಂದ ಬಂದವನು ಅಂಗಿಯನ್ನು ಕಳಚಿ ನೆಲಕ್ಕೆ ಬಿಸಾಡಿದ. ಅವನು ಬೈಕಿನ ಶೋರೂಮಿನಲ್ಲಿ ಸೇಲ್ಸ್ ನೋಡುವವನು. ಅವತ್ತು ಮ್ಯಾನೇಜರು ಅವನನ್ನು ಪಕ್ಕಕ್ಕೆ ಕರೆದು, ಗಿರಾಕಿಗಳ ಹತ್ತಿರ ನಿಲ್ಲುವಾಗ ಸ್ವಲ್ಪ ಸೆಂಟು ಹಾಕಿಕೊಳ್ಳಬಹುದಲ್ಲ ಎಂದಿದ್ದರಂತೆ.

"ಬೇಬಿಯ ಬಟ್ಟೆ ನೀನು ಎಂತದರಲ್ಲಿ ಬೇಕಾದ್ರೂ ಒಗಿ," ಎಂದ. "ಇನ್ನು ಒಂದೇ ಒಂದು ಕಂಪ್ಲೇಂಟ್ ಬಂದ್ರೆ ನಾನು ಪೌಡರ್ ತರ್ತೇನೆ. ಮತ್ತೆ ಮಾತಿಲ್ಲ."

ಒಂದೇ ಮನೆಯಲ್ಲಿ ಎರಡು ಸೋಪು ನಡೆಯುವುದಿಲ್ಲವೆಂದು ಕಾಲರಿನ ಪ್ರಕರಣದಲ್ಲೇ ಗೊತ್ತಾಗಿತ್ತು. ಪುಡಿ ಬಂದರೆ ಅದು ಮೆಷಿನ್ನಿಗೆ ಬರುತ್ತದೆ, ಬಕೆಟ್ಟಿಗೆ ಬರುತ್ತದೆ, ಹಾಸಿಗೆಗೆ ಬರುತ್ತದೆ. ವಿನಿತಾ ಅಂಗಿ ಎತ್ತಿಕೊಂಡು ಹೋದಳು.

ಏಳನೇ ತಾರೀಖು ಅವಳು ಮನೆಗೆ ಬರುವಾಗ ಕತ್ತಲಾಗಿತ್ತು. ಕಾಲುಗಳು ಬಾತುಕೊಂಡಿದ್ದವು. ಹಿಲ್ಡಾ ಜಗಲಿಯಲ್ಲಿ ಹಬ್ಬದ ಬಟ್ಟೆಗಳ ರಾಶಿಯೊಂದಿಗೆ ಕುಳಿತಿದ್ದರು. ಬಕೆಟ್ಟಿನಲ್ಲಿದ್ದ ನೀರಿನಲ್ಲೇ ಎಲ್ಲವನ್ನೂ ಒಗೆದು, ಗಂಜಿ ಹಾಕಿ, ಫ್ಯಾನಿನ ಕೆಳಗೆ ಹರಡಿ, ಅರೆಬರೆ ಒಣಗಿದ್ದನ್ನು ಇಸ್ತ್ರಿಗೆಂದು ಮಡಚಿಟ್ಟಿದ್ದರು. ಬಟ್ಟೆ ಅಷ್ಟೇನೂ ಹಳದಿಯಾಗಿರಲಿಲ್ಲ. ಅದರಿಂದ ಅವರು ಖುಷಿಯಾಗಿಯೇ ಇದ್ದರು. ಒಂದು ಚೌಕ ತೆಗೆದು ಎಂದಿನಂತೆ ಸೊಸೆಯ ಮುಖದ ಹತ್ತಿರ ಹಿಡಿದರು.

"ನೋಡು ಸ್ವಲ್ಪ. ಎಂತಾದ್ರೂ ಉಂಟಾ?"

ಹಳಸಿದ ಗಂಜಿಯ, ಕೊಳೆತ ಕಾಯಿಯ ವಾಸನೆ ವಿನಿತಾಳ ಮೂಗಿಗೆ ಅಡರಿತು. ನೀರು ಎಷ್ಟು ದಿನದ್ದೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಒಳಗೆ ಡೆರಿಲ್ ಫೋನಿನಲ್ಲಿ ಮಾತಾಡುತ್ತಿದ್ದ. ಉಂಟು ಎಂದರೆ ಅವನಿಗೆ ಕೇಳುತ್ತದೆ, ನಾಳೆ ಅಂಗಡಿ ತೆರೆದೊಡನೆ ಪುಡಿ ಬರುತ್ತದೆ. ಇಸ್ತ್ರಿಯ ಬಿಸಿಗೆ ಹೋಗಬಹುದು ಎಂದುಕೊಂಡಳು. ಹಬ್ಬದ ದಿನ ಇಗರ್ಜಿಯಲ್ಲಿ ಧೂಪ ಇರುತ್ತದೆ, ಅಷ್ಟು ಮೇಣದ ಬತ್ತಿ, ಅಷ್ಟು ಹೂ, ಯಾರಿಗೆ ತಿಳಿದೀತು ಎಂದುಕೊಂಡಳು. ನಿಜ ಹೇಳಬೇಕೆಂದರೆ ಇನ್ನೊಂದು ಬಕೆಟ್ಟು ನೀರು ಕಾಯಿಸುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

"ಎಂತ ಇಲ್ಲ ಮಮ್ಮಿ," ಎಂದಳು. "ಸರಿ ಉಂಟು."

ಹಿಲ್ಡಾ ನಂಬಿದರು. ನಂಬದೆ ಇರಲು ಕಾರಣವೇ ಇರಲಿಲ್ಲ.

ಹಬ್ಬದ ಪೂಜೆಗೆ ಇಗರ್ಜಿ ತುಂಬಿತ್ತು. ಹೊಸ ತೆನೆಯ ಆಶೀರ್ವಾದವಾಯಿತು, ಮಕ್ಕಳ ಹೂವಿನ ಮೆರವಣಿಗೆಯಾಯಿತು. ವಿನಿತಾ ನಡುವಿನ ಸಾಲಿನಲ್ಲಿ ಕುಳಿತು ಮಗಳ ಹಾಡು ಕೇಳುವುದನ್ನು ಬಿಟ್ಟು ಬಲಿಪೀಠದ ಮೇಲಿನ ಬಟ್ಟೆಯನ್ನೇ ನೋಡುತ್ತಿದ್ದಳು. ಪ್ರಸಾದ ಕೊಟ್ಟು ಮುಗಿದ ಮೇಲೆ ಗುರುಗಳು ಬಟ್ಟಲು ಒರೆಸಲೆಂದು ಚೌಕ ಬಿಚ್ಚಿದರು. ಮಡಿಕೆ ಬಿಚ್ಚಿದ ಕೈ ಹಾಗೆಯೇ ನಿಂತಿತು. ಅವರು ಮುಖವನ್ನು ಒಂದಿಷ್ಟು ಹಿಂದೆ ತೆಗೆದುಕೊಂಡು, ಅದನ್ನು ಬದಿಗಿಟ್ಟು, ಇಗರ್ಜಿಯ ಕೆಲಸ ನೋಡಿಕೊಳ್ಳುವ ಸೈಮನ್‌ನ ಕಡೆ ತಿರುಗಿದರು. ಸೈಮನ್ ಒಳಗೆ ಓಡಿ ಇನ್ನೊಂದು ತಂದ. ಅದೂ ಅದೇ ಕಟ್ಟಿನದು. ಎರಡನೆಯದನ್ನೂ ಬದಿಗಿಟ್ಟು ಗುರುಗಳು ನಿಲುವಂಗಿಯ ಕೆಳಗೆ ಕೈ ಹಾಕಿ ತಮ್ಮ ಸ್ವಂತ ಕರ್ಚೀಫು ತೆಗೆದರು. ಇಡೀ ಸಭೆ ಅದನ್ನು ನೋಡಿತು. ಹೆಂಗಸರ ಮೊದಲ ಸಾಲಿನಲ್ಲಿದ್ದ ಹಿಲ್ಡಾರೂ ನೋಡಿದರು. ಅವರಿಗೆ ಏನಾಯಿತೆಂದು ಮಾತ್ರ ತಿಳಿಯಲಿಲ್ಲ. ಕಲೆ ಉಳಿದಿತ್ತೇನೋ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಹೊರಗೆ ಮಕ್ಕಳಿಗೆ ಕಬ್ಬು ಹಂಚುವಲ್ಲಿ ಶರ್ಲಿ ಅವರ ಕಿವಿಯಲ್ಲಿ ವಿಷಯ ಹೇಳಿದಳು. ಬಲಿಪೀಠದ ಹತ್ತಿರ ನಿಂತವರಿಗೆ ಓಕರಿಕೆ ಬರುವ ಹಾಗಿತ್ತಂತೆ. ಹಿಲ್ಡಾ ಅಲ್ಲಿಂದಲೇ ಆಟೋ ಹತ್ತಿದರು. ಮನೆಯಲ್ಲಿ ಹಬ್ಬದ ರೂಢಿಯಂತೆ ಬೆಸ ಲೆಕ್ಕದ ತರಕಾರಿ ಪದಾರ್ಥಗಳು ಸಿದ್ಧವಿದ್ದವು. ಹೊಸ ಭತ್ತದ ಕಾಳನ್ನು ಪಾಯಸಕ್ಕೆ ಹಾಕಿ ವಿಲ್ಲಿಯವರು ಪ್ರಾರ್ಥನೆ ಹೇಳಿದರು. ಹಿಲ್ಡಾ ಎಲ್ಲರಿಗೂ ಬಡಿಸಿ, ತಮ್ಮ ಎಲೆಯ ಎದುರು ಕುಳಿತು, ಹಾಗಲಕಾಯಿಯನ್ನು ಬೆರಳಲ್ಲಿ ಅತ್ತಿತ್ತ ಮಾಡಿ, ಉಣ್ಣದೆಯೇ ಎಲೆ ಮಡಚಿ ಎದ್ದರು. ಹಬ್ಬದ ಎಲೆಯನ್ನು ಹಾಗೆ ಮಡಚಬಾರದು ಎಂದು ಅನ್ವಿಟಾಳಿಗೆ ಪ್ರತಿ ವರ್ಷ ಹೇಳಿಕೊಡುತ್ತಿದ್ದವರೇ ಅವರು.

ಮರುವಾರ ಬಿಳಿ ಚೀಲ ಬರಲಿಲ್ಲ, ಸೈಮನ್ ಬರಿಗೈಯಲ್ಲಿ ಬಂದ. ಕುರ್ಚಿಯ ತುದಿಯಲ್ಲಿ ಕುಳಿತು ಚಾ ಕುಡಿದು, ಹಿಲ್ಡಾಬಾಯಿಯವರ ಸೇವೆಯನ್ನು ಬಹಳ ಹೊಗಳಿದ. ಅಷ್ಟು ಹೊಗಳುವಾಗಲೇ ಎಲ್ಲರಿಗೂ ಅರ್ಥವಾಗಿತ್ತು.

"ಪ್ರಾಯ ಆಯ್ತಲ್ಲ, ಇನ್ನು ರೆಸ್ಟ್ ಮಾಡ್ಲಿ ಅಂತ ಫಾದರ್ ಹೇಳಿದ್ರು," ಎಂದ. "ಬಟ್ಟೆ ಲಾಂಡ್ರಿಗೆ ಕೊಡುದು ಅಂತ ಆಗಿದೆ."

ಹಿಲ್ಡಾ ತಲೆಯಾಡಿಸಿ, ಇನ್ನೊಂದು ಚಕ್ಕುಲಿ ತೆಗೆದುಕೋ ಎಂದರು. ಅವನು ಹೋದ ಮೇಲೆ ವಿಲ್ಲಿಯವರು ಸೊಸೆಗೆ ಬೈದರು. ಡೆರಿಲ್ ಹೋಗಿ ಪುಡಿಯ ದೊಡ್ಡ ಪ್ಯಾಕೆಟ್ಟು ತಂದು ಮೇಜಿನ ಮೇಲಿಟ್ಟ. ಹಿಲ್ಡಾ ಅದನ್ನು ಎತ್ತಿ ಅವನ ಕೈಗೇ ವಾಪಸು ಕೊಟ್ಟರು. ಮಗುವಿನ ಮೈ ಈಗ ಒಳ್ಳೆಯದಿದೆ, ಇನ್ನು ಒಗೆದು ಬಿಳಿ ಮಾಡಲು ಈ ಮನೆಯಲ್ಲಿ ಏನಿದೆ, ಅಂಗಡಿಗೆ ಹಿಂದೆ ಕೊಟ್ಟು ಬಾ ಎಂದರು. ವಿನಿತಾ ಗೆದ್ದಳು.

ಮೂರ್ನಾಲ್ಕು ದಿನ ಕಳೆದ ಮೇಲೆ, ಇಬ್ಬರೇ ಅಡುಗೆ ಕೋಣೆಯಲ್ಲಿದ್ದಾಗ, ಬಸಳೆ ಹೆಚ್ಚುತ್ತಿದ್ದ ಹಿಲ್ಡಾ ತಲೆ ಎತ್ತದೆ ಕೇಳಿದರು.

"ಅವತ್ತು ನಾನು ನಿನ್ನ ಮೂಗಿಗೆ ಹಿಡಿದಾಗ ವಾಸನೆ ಇತ್ತಾ, ಇಲ್ಲ ರಾತ್ರಿ ಇಟ್ಟು ಬಂದದ್ದಾ?"

ರಾತ್ರಿ ಬಂದದ್ದು ಎಂದುಬಿಟ್ಟರೆ ಮುಗಿಯುತ್ತಿತ್ತು. ಹಿಲ್ಡಾ ಆ ದಾರಿಯನ್ನು ತಾವೇ ತೆರೆದುಕೊಟ್ಟಿದ್ದರು. ವಿನಿತಾಳಿಗೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ಇತ್ತು ಮಮ್ಮಿ."

ಚೂರಿ ನಿಂತಿತು. ವಿನಿತಾ ಅವಸರದಲ್ಲಿ ಎಲ್ಲವನ್ನೂ ಹೇಳಿದಳು. ಡೆರಿಲ್ ಹೇಳಿದ ಮಾತು, ಪುಡಿ ಬಂದರೆ ಬೇಬಿಗೆ ಮತ್ತೆ ಶುರುವಾಗುವ ಹೆದರಿಕೆ, ಡ್ಯೂಟಿಯ ಸುಸ್ತು. ಇಸ್ತ್ರಿಗೆ ಹೋಗುತ್ತದೆ ಎಂದುಕೊಂಡೆ ಎಂದಳು. ತಪ್ಪಾಯಿತು ಎಂದಳು. ಹೇಳಿದಷ್ಟೂ ಅದು ಚಿಕ್ಕದಾಗುತ್ತ ಹೋಯಿತು. ಹಿಲ್ಡಾ ಎಲ್ಲವನ್ನೂ ಕೇಳಿಸಿಕೊಂಡರು.

"ಬೇಬಿಗೆ ಅಂತ ಪುಡಿ ಬಿಟ್ಟದ್ದು ನಾನೇ ಅಲ್ವಾ?" ಎಂದರು. "ನನಗೆ ಮೆಲ್ಲ ಹೇಳಿದ್ರೆ ಸಾಕಿತ್ತು. ಬರೀ ಬಿಸಿನೀರಲ್ಲಿ ಕುದಿಸ್ತಿದ್ದೆ. ಇಡೀ ರಾತ್ರಿ ಇತ್ತು."

ಬಸಳೆಯನ್ನು ಪಾತ್ರೆಗೆ ಹಾಕಿ, ಒಣ ಸಿಗಡಿ ಹುರಿದಿಟ್ಟ ತಟ್ಟೆಯನ್ನು ವಿನಿತಾಳ ಎದುರು ಹಿಡಿಯದೆ ಹಾಗೆಯೇ ಸಾರಿಗೆ ಸುರಿದರು.

ಆಮೇಲೆ ಮನೆಯಲ್ಲಿ ಜಗಳ ನಿಂತುಹೋಯಿತು. ಹಿಲ್ಡಾ ಸೊಸೆಯೊಡನೆ ಈಗ ಎಲ್ಲವನ್ನೂ ಕೇಳಿಯೇ ಮಾಡುತ್ತಿದ್ದರು. ಎಷ್ಟು ಅಕ್ಕಿ ಹಾಕಲಿ, ಇವತ್ತು ಒಗೆಯಬಹುದಾ, ಈ ಟವೆಲು ನಿನ್ನದಾ, ಎಲ್ಲವೂ ಬಾಡಿಗೆಗೆ ಇರುವವರು ಕೇಳುವಷ್ಟು ಮರ್ಯಾದೆಯಿಂದ. ವಿನಿತಾ ದಿನವೂ ಬೆಳಿಗ್ಗೆ ಬೇಗ ಎದ್ದು ಹೊಸ ಅಂಟುವಾಳ ಕುದಿಸತೊಡಗಿದಳು. ಮಳೆ ಬಿಟ್ಟು ಬಿಸಿಲು ಬಂತು. ಬಟ್ಟೆಗಳು ಒಂದೇ ಮಧ್ಯಾಹ್ನದಲ್ಲಿ ಗರಿಗರಿ ಒಣಗಿದವು, ಮುಗ್ಗಲು ಹೋಯಿತು. ವಿಲ್ಲಿಯವರೂ ತಮ್ಮ ಬನಿಯನಿನ ಮಾತು ಬಿಟ್ಟರು. ಅತ್ತೆ ಮಾತ್ರ ಮೀನಿನ ತಟ್ಟೆಯನ್ನು ಮತ್ತೆ ಅವಳ ಎದುರು ತರಲಿಲ್ಲ.

ಅಕ್ಟೋಬರಿನ ಒಂದು ಭಾನುವಾರ, ಪೂಜೆಗೆ ಹೊರಡುವ ಹೊತ್ತು. ಹಬ್ಬದ ನಂತರ ಹಿಲ್ಡಾ ಇಗರ್ಜಿಗೆ ಹೋಗುವುದು ಅದೇ ಮೊದಲು. ವಿನಿತಾ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಸೀರೆ ಉಟ್ಟು ಹೊರಬಂದ ಹಿಲ್ಡಾ ಅವಳನ್ನು ದಾಟಿ ಜಗಲಿಗೆ ಹೋಗಿ, ಶೂ ಹಾಕಿಕೊಳ್ಳುತ್ತಿದ್ದ ಅನ್ವಿಟಾಳ ಎದುರು ಮಂಡಿ ಹಿಡಿದುಕೊಂಡು ಬಗ್ಗಿದರು. ಸೆರಗಿನ ತುದಿಯನ್ನು ಮಗುವಿನ ಮೂಗಿಗೆ ಹಿಡಿದರು.

"ಬಾಯೆ, ಇದನ್ನು ಮೂಸಿ ಹೇಳು. ವಾಸನೆ ಉಂಟಾ?"

ಮಗು ಆಟವೆಂದುಕೊಂಡು ಜೋರಾಗಿ ಮೂಸಿತು. ಇಲ್ಲ ಎಂದಿತು. ಹಿಲ್ಡಾ ಸೆರಗಿನ ಇನ್ನೊಂದು ತುದಿ ಹಿಡಿದರು, ಆಮೇಲೆ ರವಿಕೆಯ ತೋಳು ಹಿಡಿದರು.

"ಸರಿಯಾಗಿ ನೋಡು. ಇದ್ರೆ ಉಂಟು ಅಂತ ಹೇಳ್ಬೇಕು."

"ಇಲ್ಲ ಗ್ರ್ಯಾನಿ, ನಿಜ. ಮಮ್ಮಿಯತ್ರ ಕೇಳ್ಲಾ?"

"ಬೇಡ," ಎಂದರು ಹಿಲ್ಡಾ. "ನೀನು ಹೇಳಿದ್ಯಲ್ಲ."

ಅವರು ಮಗುವಿನ ಕೈ ಹಿಡಿದು ಮೆಟ್ಟಿಲು ಇಳಿದರು. ಗೇಟು ಹಾಕಿದ ಸದ್ದು ಬಂದ ಮೇಲೂ ವಿನಿತಾ ಬಾಗಿಲಲ್ಲೇ ನಿಂತಿದ್ದಳು.